ಆಸ್ಪತ್ರೆಯ ದುರಸ್ತಿ ಮತ್ತು ರೋಗಿಯ ಉಸಿರು

ಸರಕಾರಿ ಆಸ್ಪತ್ರೆಗಳು ದುರಸ್ತಿಯಾಗಬೇಕು ಎಂಬುದು ಈ ಜಿಲ್ಲೆಯ ದುಡಿಯುವ ಜನರ ಬಹುಕಾಲದ ಬೇಡಿಕೆ. ಸೋರುವ ಮಾಳಿಗೆ, ಉದುರುವ ಗಾರೆ, ಕಟ್ಟಿಕೊಂಡ ಕೊಳಾಯಿ, ಅಗುಳಿಯಿಲ್ಲದ ಕಕ್ಕಸಿನ ಬಾಗಿಲು, ಇವುಗಳ ವಿಷಯವಾಗಿ ಅರ್ಜಿ ಕೊಡದ ಸಂಘವಿಲ್ಲ, ಮಾತಾಡದ ಸಭೆಯಿಲ್ಲ. ಆದುದರಿಂದ ಆಸ್ಪತ್ರೆಯ ಅಂಗಳದಲ್ಲಿ ಜಲ್ಲಿ, ಮರಳು, ಸಿಮೆಂಟು ಬಂದು ಬಿದ್ದರೆ ನಾವು ಸಂತೋಷಪಡುವವರೇ ಹೊರತು ಅಡ್ಡಿ ಮಾಡುವವರಲ್ಲ. ಆದರೆ ಆ ಕೆಲಸವನ್ನು ಹೇಗೆ ಮಾಡುತ್ತಾರೆ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಕೇಳಬೇಕಾದ ಕಾಲ ಬಂದಿದೆ ಎಂಬುದು ಈ ವಾರದ ನಮ್ಮ ಮಾತು.

ಮನೆಯ ಗೋಡೆ ಒಡೆದಾಗ ಏಳುವ ಧೂಳಿಗೆ ನಾವು ಹೆದರುವುದಿಲ್ಲ. ಎರಡು ಸಾರಿ ಸೀನುತ್ತೇವೆ, ಮುಖ ತೊಳೆಯುತ್ತೇವೆ, ಮುಗಿಯಿತು. ಆಸ್ಪತ್ರೆಯ ಗೋಡೆ ಒಡೆದಾಗ ಏಳುವುದೂ ಅದೇ ಧೂಳು. ಆದರೆ ಅದನ್ನು ಕುಡಿಯುವವರು ಬೇರೆ. ಹಳೆಯ ಗಾರೆಯ ಒಳಗೆ, ತೇವ ಹಿಡಿದ ಮಾಳಿಗೆಯ ಮೇಲೆ, ಫಾಲ್ಸ್ ಸೀಲಿಂಗಿನ ಹಿಂದೆ, ಗಾಳಿಯ ಕೊಳವೆಗಳ ಒಳಗೆ ವರ್ಷಗಟ್ಟಲೆ ಬೂಷ್ಟು ಬೆಳೆದು ಕುಳಿತಿರುತ್ತದೆ. ಸುತ್ತಿಗೆಯ ಏಟು ಬಿದ್ದೊಡನೆ ಅದರ ಬೀಜಕಣಗಳು ಧೂಳಿನೊಡನೆ ಮೇಲೇಳುತ್ತವೆ. ಇವುಗಳಲ್ಲಿ ಮುಖ್ಯವಾದುದನ್ನು ವೈದ್ಯರು ಆಸ್ಪರ್‌ಜಿಲಸ್ ಎಂದು ಕರೆಯುತ್ತಾರೆ. ಅದರ ಒಂದು ಕಣದ ಅಳತೆ ಎರಡು ಮೂರು ಮೈಕ್ರಾನು, ಅಂದರೆ ತಲೆಗೂದಲಿನ ದಪ್ಪವನ್ನು ಇಪ್ಪತ್ತು ಪಾಲು ಮಾಡಿದರೆ ಸರಿಸುಮಾರು ಅದರಲ್ಲಿ ಒಂದು ಪಾಲು. ಮರಳಿನ ಕಣ ನೆಲಕ್ಕೆ ಬೀಳುತ್ತದೆ, ಇದು ಬೀಳುವುದಿಲ್ಲ. ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ, ಬಾಗಿಲ ಸಂದಿನಲ್ಲಿ ನುಸುಳುತ್ತದೆ, ಫ್ಯಾನಿನ ಗಾಳಿಗೆ ಒಂದು ವಾರ್ಡಿನಿಂದ ಇನ್ನೊಂದಕ್ಕೆ ಹೋಗುತ್ತದೆ.

ಗಟ್ಟಿಮುಟ್ಟಾದ ಮನುಷ್ಯ ದಿನವೂ ಇಂಥ ನೂರಾರು ಕಣಗಳನ್ನು ಉಸಿರಾಡಿ ಏನೂ ಆಗದೆ ಓಡಾಡಿಕೊಂಡಿರುತ್ತಾನೆ. ದೇಹ ಸೋತವನ ಪಾಡು ಹಾಗಲ್ಲ. ಕ್ಯಾನ್ಸರಿಗೆ ಮದ್ದು ತೆಗೆದುಕೊಳ್ಳುತ್ತಿರುವವರು, ಮೂತ್ರಪಿಂಡ ಬದಲಾಯಿಸಿಕೊಂಡವರು, ಬಹುದಿನ ಸ್ಟೀರಾಯ್ಡ್ ನುಂಗಿದವರು, ತೀವ್ರ ನಿಗಾ ಘಟಕದಲ್ಲಿ ಮಲಗಿದವರು, ದಿನ ತುಂಬದೆ ಹುಟ್ಟಿದ ಕೂಸುಗಳು, ಇವರ ಶ್ವಾಸಕೋಶದಲ್ಲಿ ಆ ಕಣ ಮೊಳೆತರೆ ಬದುಕಿಸುವುದು ಬಹಳ ಕಷ್ಟ. ಆಸ್ಪತ್ರೆಗಳ ಒಳಗೆ ಈ ಶಿಲೀಂಧ್ರ ಹಬ್ಬಿದ ಪ್ರಕರಣಗಳನ್ನು ಲೋಕದ ನಾನಾ ಕಡೆಯಿಂದ ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ 53 ಪ್ರಕರಣಗಳೂ 458 ರೋಗಿಗಳೂ ಇದ್ದರು. ಅವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಟ್ಟಡ ಕಟ್ಟುವ ಅಥವಾ ಕೆಡವುವ ಕೆಲಸವೇ ಮೂಲವಾಗಿರಬೇಕೆಂದು ಕಂಡುಬಂತು. ಆ ಆಸ್ಪತ್ರೆಗಳಲ್ಲಿ ಅನೇಕವು ನಮ್ಮ ತಾಲ್ಲೂಕು ಆಸ್ಪತ್ರೆಗಳಿಗಿಂತ ಎಷ್ಟೋ ಪಾಲು ಅನುಕೂಲವುಳ್ಳವು. ಅಲ್ಲಿಯೇ ಹೀಗಾದರೆ ಇಲ್ಲಿ ಆಗುವುದನ್ನು ಎಣಿಸುವವರು ಯಾರು? ನ್ಯುಮೋನಿಯ ಎಂದು ಬರೆದು ಮುಗಿಸಿಬಿಟ್ಟರೆ ಲೆಕ್ಕಕ್ಕೂ ಸಿಗುವುದಿಲ್ಲ.

ಇನ್ನು ನಮ್ಮ ಊರಿನ ಮಾತು. ಚಿನ್ನದ ಗಣಿಯ ಜನಕ್ಕೆ ಧೂಳು ಎಂದರೇನೆಂದು ಯಾರೂ ಪಾಠ ಹೇಳಬೇಕಾಗಿಲ್ಲ. 1940ರಿಂದ 1946ರವರೆಗೆ ಇಲ್ಲಿಯ ಗಣಿ ಕಾರ್ಮಿಕರ ಎದೆಯ ಕ್ಷಕಿರಣ ಪರೀಕ್ಷೆ ನಡೆದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಕಂಡುಬಂತು. ಭಾರತದಲ್ಲಿ ಆ ರೋಗದ ವರದಿ ಮೊದಲು ಹೊರಬಿದ್ದದ್ದೇ ಕೋಲಾರದ ಚಿನ್ನದ ಗಣಿಯಿಂದ, 1947ರಲ್ಲಿ. ಕಲ್ಲಿನ ಧೂಳು ಒಮ್ಮೆ ಶ್ವಾಸಕೋಶದಲ್ಲಿ ಕುಳಿತರೆ ಹೊರಗೆ ಬರುವುದಿಲ್ಲ. ಅದರ ಬೆನ್ನಹಿಂದೆಯೇ ಕ್ಷಯ ಬರುತ್ತದೆ. ಕ್ಷಯ ವಾಸಿಯಾದ ಮೇಲೂ ಶ್ವಾಸಕೋಶದಲ್ಲಿ ಗುಳಿ ಉಳಿದರೆ, ಆ ಗುಳಿಯಲ್ಲಿ ಇದೇ ಆಸ್ಪರ್‌ಜಿಲಸ್ ಮನೆ ಮಾಡುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿಯಲ್ಲಿ ದುಡಿದ ಎದೆಗಳು ಮಾತ್ರ ಇನ್ನೂ ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ, ಊರಿಗಾಂ, ಆಂಡರ್ಸನ್‌ಪೇಟೆಗಳ ಸಾಲುಮನೆಗಳಲ್ಲಿ ಉಸಿರಾಡುತ್ತಿವೆ. ಗಾಳಿಯ ಕಾಲದಲ್ಲಿ ಸೈನೈಡ್ ದಿಬ್ಬಗಳಿಂದ ಎದ್ದು ಬರುವ ಪುಡಿ ಆ ಎದೆಗಳಿಗೆ ಇನ್ನಷ್ಟು ಹೊರೆ ಹೊರಿಸುತ್ತದೆ. ಇಂಥ ಊರಿನ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದವರ ಪಕ್ಕದಲ್ಲಿ ಪರದೆಯಿಲ್ಲದೆ ಗೋಡೆ ಒಡೆಯುವುದು ಬೇರೆ ಊರಿನಲ್ಲಿ ಒಡೆದಂತೆ ಅಲ್ಲ. ಸಕ್ಕರೆ ಕಾಯಿಲೆಯಂತೂ ಈಗ ಮನೆಮನೆಯಲ್ಲಿದೆ. ಗಿರಣಿಯ ಹೊಟ್ಟಿನ ಧೂಳು ಕುಡಿದವರು, ಮೆಣಸಿನಕಾಯಿ ಮಂಡಿಯಲ್ಲಿ ದಿನಗಟ್ಟಲೆ ಕೆಮ್ಮಿದವರು, ಇವರೆಲ್ಲ ಕೊನೆಗೆ ಹೋಗುವುದು ಇದೇ ಆಸ್ಪತ್ರೆಗೆ.

2021ನೆಯ ಇಸವಿ ಓದುಗರಿಗೆ ಮರೆತಿರಲಾರದು. ಕೊರೋನಾದ ಎರಡನೆಯ ಅಲೆ ಬಂದಾಗ ಹಾಸಿಗೆ ಸಿಗದೆ ಜನ ಬೀದಿಯಲ್ಲಿ ನಿಂತಿದ್ದರು. ಆಗ ಇಪ್ಪತ್ತು ವರ್ಷ ಬೀಗ ಬಿದ್ದಿದ್ದ ಬಿ.ಜಿ.ಎಂ.ಎಲ್. ಆಸ್ಪತ್ರೆಯನ್ನು ಸ್ವಯಂಸೇವಕರು ಕೈಯಾರೆ ಗುಡಿಸಿ, ತೊಳೆದು, ಕೋವಿಡ್ ರೋಗಿಗಳಿಗಾಗಿ ಸಜ್ಜುಗೊಳಿಸಿದರು. ಒಂದು ಕಾಲಕ್ಕೆ ಗಣಿಯ ಜನರಿಗೆಲ್ಲ ಆಸರೆಯಾಗಿದ್ದ ಆ ಕಟ್ಟಡ ಮತ್ತೆ ಬಾಗಿಲು ತೆರೆದದ್ದು ಸರಕಾರದ ದೂರದೃಷ್ಟಿಯಿಂದಲ್ಲ, ಜನರ ಬೆವರಿನಿಂದ. ಅವರಿಗೆ ನಮ್ಮ ನಮಸ್ಕಾರ. ಆದರೆ ಆ ಪ್ರಸಂಗದಿಂದ ಕಲಿಯಬೇಕಾದ ಪಾಠವೂ ಒಂದಿದೆ. ಇಪ್ಪತ್ತು ವರ್ಷ ಮುಚ್ಚಿದ್ದ ಯಾವುದೇ ಕಟ್ಟಡದಲ್ಲಿ ಬೂಷ್ಟು ಇರುತ್ತದೆ, ಪಾರಿವಾಳದ ಹಿಕ್ಕೆ ಇರುತ್ತದೆ, ಕೊಳವೆಗಳಲ್ಲಿ ತುಕ್ಕು ಮತ್ತು ಪಾಚಿ ಇರುತ್ತದೆ. ಹಿಕ್ಕೆ ಒಣಗಿ ಪುಡಿಯಾಗಿ ಎದ್ದರೆ ಅದರಲ್ಲಿಯೂ ಶ್ವಾಸಕೋಶಕ್ಕೂ ಮೆದುಳಿಗೂ ಹತ್ತುವ ಶಿಲೀಂಧ್ರ ಇರಬಹುದು. ಅದೇ ದಿನಗಳಲ್ಲಿ ರಾಜ್ಯದ ತುಂಬ ಕಪ್ಪು ಶಿಲೀಂಧ್ರದ ಭಯ ಹಬ್ಬಿತ್ತು. ಸಕ್ಕರೆ ಕಾಯಿಲೆ ಹದ್ದು ಮೀರಿದ್ದವರನ್ನು, ಸ್ಟೀರಾಯ್ಡ್ ಹೆಚ್ಚಾಗಿ ಪಡೆದವರನ್ನು ಅದು ಹಿಡಿಯಿತು. ಅದರ ಬೀಜಕಣಗಳು ಇರುವುದೂ ಮಣ್ಣಿನಲ್ಲಿ, ಕೊಳೆತುದರಲ್ಲಿ, ಧೂಳಿನಲ್ಲಿ. ಹೀಗಿರುವಲ್ಲಿ ಹಳೆಯ ಕಟ್ಟಡವನ್ನು ಆಸ್ಪತ್ರೆಯಾಗಿ ತೆರೆಯುವ ಕೆಲಸಕ್ಕೆ ಉತ್ಸಾಹ ಒಂದೇ ಸಾಲದು. ಗುಡಿಸುವವರ ಮೂಗಿಗೆ ಎನ್-95 ಮುಸುಕು ಬೇಕು, ಒಣ ಪೊರಕೆಯ ಬದಲು ಒದ್ದೆ ಬಟ್ಟೆ ಬೇಕು, ಮೊದಲ ರೋಗಿ ಮಲಗುವ ಮುನ್ನ ಗಾಳಿಯನ್ನೂ ನೀರನ್ನೂ ಪರೀಕ್ಷಿಸುವ ಒಬ್ಬ ಜವಾಬ್ದಾರಿಯುತ ಮನುಷ್ಯ ಬೇಕು. ಇದನ್ನು ಒದಗಿಸುವುದು ಸ್ವಯಂಸೇವಕರ ಹೊಣೆಯಲ್ಲ, ಸರಕಾರದ ಹೊಣೆ.

ಗಾಳಿಯ ಮಾತು ಆಯಿತು, ನೀರಿನದೂ ಇದೆ. ಕೊಳಾಯಿ ದುರಸ್ತಿಗೆಂದು ವಾರಗಟ್ಟಲೆ ನೀರು ನಿಲ್ಲಿಸಿದರೆ ಕೊಳವೆಯ ಒಳಗೆ ನಿಂತ ಬೆಚ್ಚನೆಯ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ರೋಗಾಣು ಬೆಳೆಯುತ್ತದೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ನಿವೃತ್ತ ಸೈನಿಕರ ಸಮ್ಮೇಳನಕ್ಕೆ ಹೋದವರು ಸಾಲುಸಾಲಾಗಿ ನ್ಯುಮೋನಿಯದಿಂದ ಸತ್ತಾಗ ಲೋಕಕ್ಕೆ ಅದರ ಪರಿಚಯವಾಯಿತು, ಮರುವರ್ಷ ರೋಗಾಣು ಪತ್ತೆಯಾಯಿತು. ಇದು ನೀರು ಕುಡಿದುದರಿಂದ ಬರುವ ರೋಗವಲ್ಲ. ನಲ್ಲಿಯಿಂದ ಚಿಮ್ಮುವ ತುಂತುರನ್ನು ಉಸಿರಾಡಿದರೆ ಬರುತ್ತದೆ. ನೀರು ಮತ್ತೆ ಬಿಟ್ಟ ದಿನ ಎಲ್ಲ ನಲ್ಲಿಗಳನ್ನೂ ತೆರೆದು ಬಹಳ ಹೊತ್ತು ಹರಿಯಬಿಡುವುದು, ತೊಟ್ಟಿಗಳನ್ನು ತೊಳೆದು ಕ್ಲೋರಿನ್ ಹಾಕುವುದು, ಉಪಯೋಗವಿಲ್ಲದೆ ಬಿಟ್ಟ ಕುರುಡು ಕೊಳವೆಗಳನ್ನು ಕತ್ತರಿಸಿ ತೆಗೆಯುವುದು, ಇಷ್ಟು ಮಾಡಿದರೆ ಅಪಾಯ ಬಹುಮಟ್ಟಿಗೆ ಇಳಿಯುತ್ತದೆ. ಡಯಾಲಿಸಿಸ್ ಯಂತ್ರವಿರುವ ಆಸ್ಪತ್ರೆಯಲ್ಲಂತೂ ನೀರಿನ ಕೊಳವೆ ಮುಟ್ಟುವ ಮುನ್ನ ಆ ಘಟಕದವರಿಗೆ ತಿಳಿಸಲೇಬೇಕು. ಅಲ್ಲಿ ನೀರು ನೇರವಾಗಿ ಮನುಷ್ಯನ ರಕ್ತದ ಪಕ್ಕದಲ್ಲಿಯೇ ಹಾಯುತ್ತದೆ.

ಮಳೆಗಾಲದ ಸೋರಿಕೆಯನ್ನೂ ಇಲ್ಲಿಯೇ ಹೇಳಬೇಕು. ನೆನೆದ ಪ್ಲೈವುಡ್ಡು, ಸೀಲಿಂಗಿನ ಹಲಗೆ, ಹಾಸಿಗೆ 72 ಗಂಟೆಗಳೊಳಗೆ ಒಣಗದಿದ್ದರೆ ಅದರಲ್ಲಿ ಬೂಷ್ಟು ಹಿಡಿಯಿತೆಂದೇ ತಿಳಿದು ಕಿತ್ತುಹಾಕಬೇಕು ಎಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2003ರಲ್ಲಿ ಹೊರಡಿಸಿದ ಸೂಚನೆ. ನಮ್ಮಲ್ಲಿ ಮಳೆ ನಿಂತ ಮೇಲೆ ಕಲೆಯ ಮೇಲೆ ಸುಣ್ಣ ಬಳಿಯುತ್ತಾರೆ. ಸುಣ್ಣದಿಂದ ಕಲೆ ಮುಚ್ಚಬಹುದು, ಒಳಗಿನ ಬೂಷ್ಟು ಸಾಯುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಇದು ದೊಡ್ಡ ವಿದ್ಯೆಯೇನೂ ಅಲ್ಲ. ಕೆಲಸ ಪ್ರಾರಂಭವಾಗುವ ಮುನ್ನ ಎರಡು ಪ್ರಶ್ನೆ ಕೇಳಬೇಕು. ಈ ಕೆಲಸದಿಂದ ಎಷ್ಟು ಧೂಳು ಏಳುತ್ತದೆ? ಪಕ್ಕದಲ್ಲಿ, ಮೇಲೆ, ಕೆಳಗೆ ಎಂಥ ರೋಗಿಗಳಿದ್ದಾರೆ? ಒಂದು ಬಲ್ಬು ಬದಲಾಯಿಸುವುದಕ್ಕೂ ಗೋಡೆ ಕೆಡವುವುದಕ್ಕೂ ವ್ಯತ್ಯಾಸವಿದೆ. ಕಚೇರಿಯ ಗುಮಾಸ್ತರಿಗೂ ಹೆರಿಗೆ ವಾರ್ಡಿನ ಬಾಣಂತಿಗೂ ವ್ಯತ್ಯಾಸವಿದೆ. ಈ ಎರಡು ಉತ್ತರಗಳನ್ನು ಕೂಡಿಸಿ ನೋಡಿದರೆ ಎಷ್ಟು ಎಚ್ಚರಿಕೆ ಬೇಕೆಂಬುದು ತಾನಾಗಿ ತಿಳಿಯುತ್ತದೆ. ಒಳ್ಳೆಯ ಆಸ್ಪತ್ರೆಗಳು ಇದನ್ನು ಒಂದು ಹಾಳೆಯ ಮೇಲೆ ಬರೆದು, ವೈದ್ಯರು, ದಾದಿಯರು, ಎಂಜಿನಿಯರು, ಕಂಟ್ರಾಕ್ಟರು ಎಲ್ಲರೂ ಸಹಿ ಹಾಕಿ, ಕೆಲಸದ ಜಾಗದಲ್ಲಿ ಅಂಟಿಸುತ್ತವೆ.

ಆಮೇಲೆ ಕೈಯ ಕೆಲಸ. ಒಡೆಯುವ ಜಾಗವನ್ನು ನೆಲದಿಂದ ಮಾಳಿಗೆಯವರೆಗೆ ಪ್ಲೈವುಡ್ಡಿನಿಂದಲೋ ದಪ್ಪ ಪ್ಲಾಸ್ಟಿಕ್ ಹಾಳೆಯಿಂದಲೋ ಮುಚ್ಚಿ ಸಂದುಗಳಿಗೆ ಟೇಪು ಹಚ್ಚಬೇಕು. ಒಳಗಿನ ಗಾಳಿಯನ್ನು ಫ್ಯಾನಿಟ್ಟು ಹೊರಗೆಳೆಯಬೇಕು. ಆಗ ವಾರ್ಡಿನ ಗಾಳಿ ಕೆಲಸದ ಜಾಗಕ್ಕೆ ಹೋಗುತ್ತದೆಯೇ ಹೊರತು ಕೆಲಸದ ಜಾಗದ ಗಾಳಿ ವಾರ್ಡಿಗೆ ಬರುವುದಿಲ್ಲ. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ದುಡಿದ ನಮ್ಮ ಗಣಿ ಕಾರ್ಮಿಕರಿಗೆ ಇದು ಹೊಸದಲ್ಲ. ಗಾಳಿ ಯಾವ ಕಡೆಯಿಂದ ಬಂದು ಯಾವ ಕಡೆ ಹೋಗಬೇಕೆಂಬುದರ ಮೇಲೆಯೇ ಅವರ ಜೀವ ನಿಂತಿತ್ತು. ಒಡೆಯುವಾಗ ನೀರು ಚಿಮುಕಿಸಬೇಕು. ಗಣಿಯಲ್ಲಿ ನೀರು ಹಾಯಿಸಿ ಬಂಡೆ ಕೊರೆಯುತ್ತಿದ್ದುದು ಇದೇ ಕಾರಣಕ್ಕೆ. ಒಡೆದ ಚೂರನ್ನು ತೆರೆದ ಬಾಂಡ್ಲಿಯಲ್ಲಿ ವಾರ್ಡಿನ ನಡುವೆ ಹೊತ್ತುಕೊಂಡು ಹೋಗದೆ, ಚೀಲದಲ್ಲಿ ಕಟ್ಟಿ, ಮುಚ್ಚಿದ ಗಾಡಿಯಲ್ಲಿ, ರೋಗಿಗಳು ಓಡಾಡದ ದಾರಿಯಲ್ಲಿ ಸಾಗಿಸಬೇಕು. ಬಾಗಿಲಲ್ಲಿ ಒದ್ದೆ ಗೋಣಿಯನ್ನಾದರೂ ಹಾಸಬೇಕು. ದಿನದ ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಬೇಕು, ಒಣ ಪೊರಕೆ ಮುಟ್ಟಬಾರದು. ತೀರ ನಾಜೂಕಾದ ರೋಗಿಗಳಿದ್ದಲ್ಲಿ ಅವರನ್ನು ಮೊದಲು ಬೇರೆ ಕಡೆಗೆ ಸಾಗಿಸಬೇಕು. ಹೆಪಾ ಎಂಬ ಜಾಲರಿ ಇದ್ದರೆ ಉತ್ತಮ, ಅದು 0.3 ಮೈಕ್ರಾನಿನ ಕಣಗಳಲ್ಲಿಯೂ ನೂರಕ್ಕೆ 99.97ರಷ್ಟನ್ನು ತಡೆಯುತ್ತದೆ. ಅದು ಬರುವವರೆಗೆ ಏನೂ ಮಾಡದೆ ಕೂರಬೇಕಾಗಿಲ್ಲ. ಪ್ಲಾಸ್ಟಿಕ್ ಹಾಳೆ, ಟೇಪು, ಗೋಣಿ, ಫ್ಯಾನು, ಇವೆಲ್ಲ ಬಂಗಾರಪೇಟೆಯ ಅಂಗಡಿ ಬೀದಿಯಲ್ಲಿಯೇ ಸಿಗುವ ಸಾಮಾನು.

ಸಿಗುವ ಸಾಮಾನಾದರೂ ಏಕೆ ಬರುವುದಿಲ್ಲ? ಗುಟ್ಟು ಇರುವುದು ಅಂದಾಜು ಪಟ್ಟಿಯಲ್ಲಿ. ಎಷ್ಟು ಮೂಟೆ ಸಿಮೆಂಟು, ಎಷ್ಟು ಚದರ ಮೀಟರು ಟೈಲ್ಸು, ಎಷ್ಟು ಲೀಟರು ಬಣ್ಣ ಎಂಬುದೆಲ್ಲ ಪಟ್ಟಿಯಲ್ಲಿ ಇರುತ್ತದೆ. ಧೂಳು ತಡೆಯುವ ಪರದೆಗೆ ಪಟ್ಟಿಯಲ್ಲಿ ಸಾಲು ಇಲ್ಲದಿದ್ದರೆ, ಕಡಿಮೆ ದರಕ್ಕೆ ಟೆಂಡರು ಹಿಡಿದ ಕಂಟ್ರಾಕ್ಟರು ಕೈಯಿಂದ ದುಡ್ಡು ಹಾಕಿ ಪರದೆ ಕಟ್ಟುವುದಿಲ್ಲ. ಅವನಿಂದ ಮೇಸ್ತ್ರಿಗೆ, ಮೇಸ್ತ್ರಿಯಿಂದ ಆಳಿಗೆ ಕೆಲಸ ಇಳಿದುಬರುವ ಹೊತ್ತಿಗೆ ಒಬ್ಬರ ಹೊಣೆಯೂ ಉಳಿದಿರುವುದಿಲ್ಲ. ಇದಕ್ಕೆ ಮಾರ್ಚ್ ತಿಂಗಳ ಅವಸರ ಬೇರೆ. ವರ್ಷವೆಲ್ಲ ಮಲಗಿದ್ದ ಹಣ ಮಾರ್ಚ್ 31ರೊಳಗೆ ಖರ್ಚಾಗಬೇಕೆಂದು ಹಗಲಿರುಳು ಒಡೆಯಲು ತೊಡಗಿದರೆ, ರೋಗಿಯನ್ನು ಯಾರು ನೋಡುತ್ತಾರೆ?

ಗೋಡೆ ಒಡೆಯುವ ಆಳಿನ ಪಾಡನ್ನೂ ನಾವು ಮರೆಯುವಂತಿಲ್ಲ. ಟೈಲ್ಸು, ಕಾಂಕ್ರೀಟು, ಗ್ರಾನೈಟು ಕುಯ್ಯುವಾಗ ಏಳುವುದು ಗಣಿಯಲ್ಲಿ ನಮ್ಮ ತಂದೆ ತಾತಂದಿರನ್ನು ಕೊಂದ ಅದೇ ಸಿಲಿಕದ ಧೂಳು. ಗಣಿ ಮುಚ್ಚಿದ ಮೇಲೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಇದೇ ಕೆಲಸ ಮಾಡುವ ನಮ್ಮ ಹುಡುಗರು ಸಾವಿರಾರು. ಮೂಗಿಗೆ ಕರವಸ್ತ್ರ ಕಟ್ಟಿದರೆ ಆ ಧೂಳು ನಿಲ್ಲುವುದಿಲ್ಲ. ರೋಗಿಯನ್ನು ಕಾಪಾಡುವ ನೀರು, ಪರದೆ, ಫ್ಯಾನು ಇವೇ ಆಳನ್ನೂ ಕಾಪಾಡುತ್ತವೆ. ಆದುದರಿಂದ ರೋಗಿಯ ಹಿತ ಬೇರೆ, ಕಾರ್ಮಿಕನ ಹಿತ ಬೇರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕ್ಷಯವಿರುವ ವಾರ್ಡಿನಲ್ಲಿ ಕೆಲಸ ಮಾಡುವ ಆಳಿಗೆ ಅದನ್ನು ಮೊದಲೇ ತಿಳಿಸಿ ಮುಸುಕು ಕೊಡುವುದು ದಯೆಯ ಮಾತಲ್ಲ, ಅವನ ಹಕ್ಕು. ಹೆಣ್ಣಾಳುಗಳ ಮಕ್ಕಳು ಆಸ್ಪತ್ರೆಯ ಮರಳ ಗುಡ್ಡೆಯ ಮೇಲೆ ಆಡಿಕೊಂಡಿರುವುದೂ ತಪ್ಪಬೇಕು.

ಇದಕ್ಕೆ ಬರುವ ಎದುರು ವಾದಗಳನ್ನು ನಾವು ಬಲ್ಲೆವು. ಇವೆಲ್ಲ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಶೋಕಿ ಎನ್ನುವವರಿದ್ದಾರೆ. ದುಡ್ಡಿದ್ದವನ ಶ್ವಾಸಕೋಶಕ್ಕೆ ಬೇಕಾದದ್ದು ಬಡವನ ಶ್ವಾಸಕೋಶಕ್ಕೆ ಬೇಡವೆ? ಸರಕಾರಿ ಆಸ್ಪತ್ರೆಗಳ ಶುಚಿತ್ವಕ್ಕೆ ಬಹುಮಾನ ಕೊಡುವ ಕಾಯಕಲ್ಪ ಯೋಜನೆಯನ್ನು 2015ರಲ್ಲಿ ಹೊರಡಿಸಿದವರು ಕೇಂದ್ರ ಸರಕಾರದವರೇ. ಆಸ್ಪತ್ರೆಗಳಲ್ಲಿ ಸೋಂಕು ತಡೆಯುವ ರಾಷ್ಟ್ರೀಯ ಮಾರ್ಗಸೂಚಿಯನ್ನು 2020ರ ಜನವರಿಯಲ್ಲಿ ಪ್ರಕಟಿಸಿದವರೂ ಅವರೇ. ತಾವೇ ಒಪ್ಪಿದ ಮಾತನ್ನು ನಡೆಸಿಕೊಡಿ ಎನ್ನುವುದು ಶೋಕಿಯಲ್ಲ. ಕೆಲಸ ತಡವಾಗುತ್ತದೆ ಎನ್ನುವವರೂ ಇದ್ದಾರೆ. ಪರದೆ ಕಟ್ಟಲು ಅರ್ಧ ದಿನ ಹಿಡಿಯುತ್ತದೆ. ವರ್ಷಗಟ್ಟಲೆ ಕಡತದಲ್ಲಿ ಕೊಳೆತ ಕೆಲಸಕ್ಕೆ ಈ ಅರ್ಧ ದಿನವೇ ಭಾರವಾಯಿತೆ?

ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಕಾಮಗಾರಿ ನಡೆಯುತ್ತಿದೆ ಎಂದು ಹೆದರಿ ಯಾರೂ ಆಸ್ಪತ್ರೆಗೆ ಹೋಗುವುದನ್ನು ಬಿಡಬಾರದು. ಆಸ್ಪತ್ರೆಯಲ್ಲಿ ಹತ್ತುವ ಸೋಂಕುಗಳಲ್ಲಿ ಬಹುಪಾಲು ತೊಳೆಯದ ಕೈಗಳಿಂದ ಬರುತ್ತವೆಯೇ ಹೊರತು ಗೋಡೆಯಿಂದಲ್ಲ. ಆದರೆ ಗೋಡೆಯಿಂದ ಬರುವುದು ತಪ್ಪಿಸಬಹುದಾದ ಸಾವು. ತಪ್ಪಿಸಬಹುದಾದ ಒಂದು ಸಾವು ನಡೆದರೂ ಅದಕ್ಕೆ ಉತ್ತರ ಹೇಳುವವರು ಬೇಕು.

ನಮ್ಮ ಬೇಡಿಕೆಗಳು ಇವು. ಒಂದು: ಬಂಗಾರಪೇಟೆ, ಕೆ.ಜಿ.ಎಫ್., ಕೋಲಾರದ ಎಸ್.ಎನ್.ಆರ್. ಸೇರಿದಂತೆ ಜಿಲ್ಲೆಯ ಯಾವ ಸರಕಾರಿ ಆಸ್ಪತ್ರೆಯ ಕಾಮಗಾರಿಯ ಅಂದಾಜು ಪಟ್ಟಿಯಲ್ಲಿಯೂ ಧೂಳು ಮತ್ತು ಸೋಂಕು ತಡೆಗೆ ಪ್ರತ್ಯೇಕ ಸಾಲು, ಪ್ರತ್ಯೇಕ ಹಣ ಇರಬೇಕು. ಎರಡು: ಪರದೆ ಕಟ್ಟಿಲ್ಲದಿದ್ದರೆ, ಧೂಳು ವಾರ್ಡಿಗೆ ಬಂದರೆ, ಕೆಲಸ ನಿಲ್ಲಿಸಿ ಎಂದು ಹೇಳುವ ಅಧಿಕಾರ ವಾರ್ಡಿನ ಹಿರಿಯ ದಾದಿಗೆ ಲಿಖಿತವಾಗಿ ಸಿಗಬೇಕು. ದಿನವೂ ರೋಗಿಯ ಪಕ್ಕದಲ್ಲಿ ನಿಲ್ಲುವವರು ಅವರು, ಎಂಜಿನಿಯರಲ್ಲ. ಮೂರು: ಗಾಳಿ, ನೀರು, ಶುಚಿತ್ವ ಸರಿಯಿದೆಯೆಂದು ವೈದ್ಯಾಧಿಕಾರಿ ಸಹಿ ಹಾಕುವವರೆಗೆ ಕಂಟ್ರಾಕ್ಟರನ ಕೊನೆಯ ಬಿಲ್ಲು ಪಾಸಾಗಬಾರದು. ನಾಲ್ಕು: ಆಳುಗಳಿಗೆ ಸರಿಯಾದ ಮುಸುಕು, ಕೈ ತೊಳೆಯಲು ನೀರು, ಎದೆಯ ಪರೀಕ್ಷೆ ಕಂಟ್ರಾಕ್ಟರನ ಖರ್ಚಿನಲ್ಲಿ ಆಗಬೇಕು. ಐದು: ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಪ್ರತಿಯೊಂದು ಕಾಮಗಾರಿಯ ವಿಷಯವೂ ಮೊದಲೇ ಚರ್ಚೆಗೆ ಬರಬೇಕು, ಯಾವ ವಾರ್ಡು ಎಂದಿನಿಂದ ಎಂದಿನವರೆಗೆ ಎಂಬುದನ್ನು ಕನ್ನಡದಲ್ಲಿಯೂ, ಇಲ್ಲಿಯ ಜನ ಓದುವ ತಮಿಳು, ತೆಲುಗು, ಉರ್ದುವಿನಲ್ಲಿಯೂ ಬರೆದು ಬಾಗಿಲಲ್ಲಿ ಹಾಕಬೇಕು.

ಓದುಗರ ಪಾಲಿನ ಕೆಲಸವೂ ಉಂಟು. ಆಸ್ಪತ್ರೆಯ ಮುಂದೆ ಚಹಾ ಅಂಗಡಿ, ಹಣ್ಣಿನ ಗಾಡಿ, ಔಷಧಿ ಅಂಗಡಿ ಇಟ್ಟುಕೊಂಡಿರುವ ಮಿತ್ರರು ಒಳಗೆ ನಡೆಯುವುದನ್ನು ಯಾವ ಅಧಿಕಾರಿಗಿಂತಲೂ ಮೊದಲು ಕಾಣುತ್ತಾರೆ. ಕಂಡುದನ್ನು ಹೇಳಿ. ರೋಗಿಯ ಕಡೆಯವರಾಗಿ ಹೋದಾಗ ಪಕ್ಕದಲ್ಲಿ ಗೋಡೆ ಒಡೆಯುತ್ತಿದ್ದರೆ, ನಮ್ಮವರನ್ನು ಬೇರೆ ವಾರ್ಡಿಗೆ ಹಾಕಿ ಎಂದು ಸಂಕೋಚವಿಲ್ಲದೆ ಕೇಳಿ. ಸಂಘಗಳವರು 2005ರ ಮಾಹಿತಿ ಹಕ್ಕಿನ ಕಾನೂನಿನಡಿ ಹತ್ತು ರೂಪಾಯಿಯ ಅರ್ಜಿ ಹಾಕಿ ಕಾಮಗಾರಿಯ ಅಂದಾಜು ಪಟ್ಟಿಯ ನಕಲು ಪಡೆಯಲಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಆ ಪಟ್ಟಿಯಲ್ಲಿ ಧೂಳು ತಡೆಯ ಸಾಲು ಇದೆಯೆ ಇಲ್ಲವೆ ಎಂಬುದನ್ನು ನೋಡಲು ಎಂಜಿನಿಯರ ವಿದ್ಯೆ ಬೇಕಿಲ್ಲ. ಇಲ್ಲವೆಂದು ಕಂಡರೆ ನಕಲನ್ನು ನಮಗೆ ಕಳುಹಿಸಿ, ಇದೇ ಪುಟದಲ್ಲಿ ಅಚ್ಚು ಮಾಡುತ್ತೇವೆ. ಗಣಿಯ ಧೂಳಿನ ಲೆಕ್ಕ ಹೊರಬೀಳುವ ಹೊತ್ತಿಗೆ ಸಾವಿರಾರು ಜನರ ಎದೆ ಕೆಟ್ಟುಹೋಗಿತ್ತು. ಆಸ್ಪತ್ರೆಯ ಧೂಳಿನ ಲೆಕ್ಕವನ್ನು ಗೋಡೆಗೆ ಸುತ್ತಿಗೆ ಬೀಳುವ ಮೊದಲೇ ಕೇಳೋಣ.